ಹಪ್ಪಳ ಫೋನಿನಲ್ಲಿ, ಮಳೆ ಎಐನಲ್ಲಿ: 30 ಸೆಕೆಂಡಿನ ಜಾಹೀರಾತು ಮಾಡುವುದು ಹೀಗೆ

ಹಲಸಿನ ಹಪ್ಪಳ ಒತ್ತುವುದು ಏಪ್ರಿಲ್, ಮೇ ಬಿಸಿಲಿನಲ್ಲಿ. ಜನ ಕೇಳಿಕೊಂಡು ಬರುವುದು ಮಳೆ ಹಿಡಿದ ಮೇಲೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಮ್ಮ ಮನೆಯಲ್ಲೇ ಹಪ್ಪಳ ಮಾಡಿ ಮಾರುತ್ತಾರೆ. "ಮಳೆ ಶುರುವಾಗೋದ್ರೊಳಗೆ ಒಂದು ವಿಡಿಯೊ ಮಾಡಿಕೊಡೋ" ಅಂದರು. ಹಪ್ಪಳದ ಆಸೆ ಹುಟ್ಟಬೇಕಾದರೆ ವಿಡಿಯೊದಲ್ಲಿ ಮಳೆ ಸುರಿಯಬೇಕು. ಉರಿಬಿಸಿಲಲ್ಲಿ ಮಳೆ ಎಲ್ಲಿಂದ ತರುವುದು? ಬರೆದು ಹೇಳಿದ ದೃಶ್ಯವನ್ನು ವಿಡಿಯೊ ಮಾಡಿಕೊಡುವ ಎಐ ಟೂಲ್‌ಗಳು ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಕಡೆ.

ಮೊದಲು ಕಾಗದ, ಪೆನ್ನು ಹಿಡಿಯಿರಿ. 30 ಸೆಕೆಂಡಿಗೆ ಎಂಟೊಂಬತ್ತು ಶಾಟ್ ಸಾಕು, ಒಂದೊಂದು ಮೂರ್ನಾಲ್ಕು ಸೆಕೆಂಡ್. ಪ್ರತಿ ಶಾಟ್ ಮುಂದೆ 'ಫೋನ್' ಅಥವಾ 'ಎಐ' ಅಂತ ಬರೆದುಕೊಳ್ಳಿ. ಇದರಲ್ಲಿ ನನ್ನದು ಒಂದೇ ಹಟ: ನೀವು ಮಾರುವ ವಸ್ತು ಕಾಣಿಸುವ ಶಾಟ್ ಎಲ್ಲಾ ಫೋನಿನಲ್ಲೇ ತೆಗೆಯಬೇಕು. ಹಪ್ಪಳ ಕರಿಯುವುದನ್ನೂ ನಾನು ಮೊದಲು ಎಐಗೇ ಹೇಳಿದ್ದೆ. ಬಾಣಲೆಗೆ ಬಿದ್ದದ್ದು ಪೂರಿ ಹಾಗೆ ಉಬ್ಬಿ ನಿಂತಿತು. ನಿಜವಾದ ಹಲಸಿನ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಅಂಚು ಮುದುಡಿ, ಮೈತುಂಬ ಸಣ್ಣ ಗುಳ್ಳೆ ಎದ್ದು, ನೋಡನೋಡುತ್ತಲೇ ಬಣ್ಣ ತಿರುಗುತ್ತದೆ, ಅಲ್ವಾ? ಅದನ್ನು ತಿಂದು ಬೆಳೆದವರಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದವರಿಗೆ ತೋರಿಸಿದರೆ ಅದು ಮೋಸವೇ, ಅವರು ದುಡ್ಡು ಕೊಡುವುದು ಚಿಕ್ಕಮ್ಮನ ಹಪ್ಪಳಕ್ಕೆ ತಾನೇ.

ಹಾಗಾಗಿ ಒತ್ತುವುದು, ಚಾಪೆಯ ಮೇಲೆ ಒಣಗಿಸುವುದು, ಕರಿಯುವುದು, ಮುರಿಯುವುದು ಫೋನಿಗೆ. ಮುರಿಯುವ ಸದ್ದನ್ನು ಹತ್ತಿರದಿಂದ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಇಡೀ ಜಾಹೀರಾತಿನಲ್ಲಿ ಅದಕ್ಕಿಂತ ಜೋರಾದ ಮಾತು ಇನ್ನೊಂದಿಲ್ಲ. ಎಐಗೆ ಉಳಿಯುವುದು ಹಂಚಿನ ಮಾಡಿನಿಂದ ಸುರಿಯುವ ನೀರು, ಮಂಜು ಕವಿದ ಅಡಿಕೆ ತೋಟ, ಕಿಟಕಿಯಾಚೆಯ ಮಳೆ.

ರನ್‌ವೇ, ಕ್ಲಿಂಗ್, ಗೂಗಲ್‌ನ ವಿಯೋ ಹೀಗೆ ಟೂಲ್‌ಗಳು ಹಲವು. ಯಾವುದನ್ನು ತೆಗೆದುಕೊಂಡರೂ ಕ್ಲಿಪ್ ಚಿಕ್ಕದು. 2025ರ ಮೇನಲ್ಲಿ ಬಂದ ವಿಯೋ 3 ಒಂದು ಸಲಕ್ಕೆ 8 ಸೆಕೆಂಡ್ ಕೊಡುತ್ತಿತ್ತು, ಸದ್ದನ್ನೂ ಸೇರಿಸಿ. ರನ್‌ವೇಯ ಜೆನ್-4 ಕೊಡುತ್ತಿದ್ದುದು 5 ಅಥವಾ 10 ಸೆಕೆಂಡ್.

ಬರೀ ಮಾತಿನಲ್ಲಿ 'ಹಳ್ಳಿ ಮನೆ, ಮಳೆ' ಅಂದರೆ ಯಾವುದೋ ಊರಿನ ಯಾವುದೋ ಗುಡಿಸಲು ಬರುತ್ತದೆ. ಆದ್ದರಿಂದ ಮೊದಲು ನಿಮ್ಮ ಮನೆಯದ್ದೇ ಒಂದು ಫೋಟೊ ತೆಗೆಯಿರಿ. ಫೋನನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ತೆಗೆಯಿರಿ, ರೀಲ್ಸ್‌ಗೆ 9:16 (ಅಗಲ 9, ಎತ್ತರ 16) ಅಳತೆ ಬೇಕು. ಫೋಟೊದಿಂದ ವಿಡಿಯೊ ಮಾಡುವ ಆಯ್ಕೆ ಈ ಟೂಲ್‌ಗಳಲ್ಲಿ ಇದೆ. ಆ ಫೋಟೊ ಹಾಕಿ, ಏನು ಅಲುಗಾಡಬೇಕು ಅನ್ನುವುದನ್ನಷ್ಟೇ ಹೇಳಿ: ಮಾಡಿನ ಅಂಚಿನಿಂದ ನೀರು ಧಾರೆಯಾಗಿ ಬೀಳುತ್ತಿದೆ, ಅಂಗಳದ ಕೆಂಪು ಮಣ್ಣು ಒದ್ದೆಯಾಗಿದೆ, ಮೋಡ ಕವಿದ ಬೆಳಕು, ಕ್ಯಾಮೆರಾ ನಿಧಾನವಾಗಿ ಬಾಗಿಲಿನ ಕಡೆ ಹೋಗುತ್ತಿದೆ. ಒಂದು ಕ್ಲಿಪ್‌ಗೆ ಒಂದೇ ಕ್ಯಾಮೆರಾ ಚಲನೆ. ನಾನು ಕನ್ನಡದಲ್ಲಿ ಯೋಚಿಸಿ, ಆಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ, ನನಗೆ ಹಾಗೆ ಮಾಡಿದಾಗಲೇ ಫಲ ಜಾಸ್ತಿ ಸಿಕ್ಕಿದೆ.

ಒಂದೇ ಸಲಕ್ಕೆ ಸರಿಬರುತ್ತದೆ ಅಂದುಕೊಳ್ಳಬೇಡಿ. ಪ್ರತಿ ಪ್ರಯತ್ನಕ್ಕೂ ಕ್ರೆಡಿಟ್ (ಟೂಲ್ ಬಳಕೆ ಲೆಕ್ಕ ಹಾಕುವ ಅಂಕ) ಖರ್ಚಾಗುತ್ತದೆ, ಆದ್ದರಿಂದ ಅಗ್ಗದ, ವೇಗದ ಮೋಡ್‌ನಲ್ಲಿ ಮೊದಲು ನೋಡಿ, ಹದಕ್ಕೆ ಬಂದ ಮೇಲೆ ಒಳ್ಳೆ ಗುಣಮಟ್ಟದ ಮೋಡ್‌ಗೆ ಹೋಗಿ. ಪ್ರಾಂಪ್ಟ್‌ನಲ್ಲಿ, ಅಂದರೆ ಟೂಲ್‌ಗೆ ಬರೆದು ಕೊಡುವ ವಿವರದಲ್ಲಿ, ಒಂದು ಸಲಕ್ಕೆ ಒಂದೇ ಮಾತು ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಎಡಿಟಿಂಗ್‌ನಲ್ಲಿ ಕೈ ಬಿಗಿ ಇರಲಿ. 8 ಸೆಕೆಂಡಿನ ಕ್ಲಿಪ್‌ನಲ್ಲಿ ಚೆನ್ನಾಗಿರುವ ಮೂರು ಸೆಕೆಂಡ್ ಇಟ್ಟುಕೊಳ್ಳಿ, ಕೊನೆಯ ಕಡೆ ಕಿಟಕಿ ಸರಳು ಬಾಗುವುದು, ಕಂಬ ಹೆಚ್ಚಾಗುವುದು ಎಲ್ಲಾ ಇರುತ್ತದೆ. ಕನ್ನಡ ಅಕ್ಷರವನ್ನು ಎಐಗೆ ಬಿಡಲೇಬೇಡಿ. ಪ್ಯಾಕೆಟ್ ಮೇಲಿನ 'ಹಪ್ಪಳ' ನನಗೆ ಜಿಲೇಬಿಯಾಗಿ ಸಿಕ್ಕಿತ್ತು, ಒತ್ತಕ್ಷರದ ಗುರುತೇ ಇರಲಿಲ್ಲ. ಹೆಸರು, ಬೆಲೆ, ಫೋನ್ ನಂಬರ್ ಎಲ್ಲಾ ಎಡಿಟಿಂಗ್ ಆ್ಯಪ್‌ನಲ್ಲಿ ನೀವೇ ಬರೆಯಿರಿ. ದನಿಯೂ ಮನೆಯವರದ್ದೇ ಇರಲಿ. ಚಿಕ್ಕಮ್ಮ "ಬಿಸಿಬಿಸಿ ಇರುವಾಗ್ಲೇ ತಿನ್ರಿ" ಅಂದದ್ದನ್ನು ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿ ಹಾಕಿದೆವು.

ಎಐನಲ್ಲಿ ಸುಳ್ಳು ಗಿರಾಕಿಗಳನ್ನು ಹುಟ್ಟಿಸಿ ಹೊಗಳಿಸುವುದು ಬೇಡ. ಯಾರದ್ದಾದರೂ ಫೋಟೊ ಬಳಸುವುದಾದರೆ ಅವರನ್ನು ಕೇಳಿ. ಯೂಟ್ಯೂಬ್ 2024ರ ಮಾರ್ಚ್‌ನಿಂದ, ನಿಜದಂತೆ ಕಾಣುವ ಕೃತಕ ದೃಶ್ಯ ಇದ್ದರೆ ತಿಳಿಸಿ ಅನ್ನುತ್ತದೆ. ಅಪ್‌ಲೋಡ್ ಮಾಡುವಾಗ ಆ ಪ್ರಶ್ನೆಗೆ 'ಹೌದು' ಒತ್ತಿ. ನಾವು ವಿಡಿಯೊದ ಕೆಳಗೇ 'ಮಳೆ ಎಐನದ್ದು, ಹಪ್ಪಳ ನಮ್ಮದು' ಅಂತ ಹಾಕಿದೆವು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ವಿಡಿಯೊ ಅಂತ ಕಳಿಸಿದರೆ ಕುಗ್ಗಿ, ಮಳೆಯ ಸಣ್ಣ ಹನಿಗಳೆಲ್ಲ ಕಲಸಿಹೋಗುತ್ತವೆ.