ಹಳೆಯ ಸ್ಪೋರ್ಟ್ಸ್ ಕಾರು ಟ್ರಾಫಿಕ್ಕಿನಲ್ಲಿ ಕುದಿಯದಿರಲು

ತಲಪಾಡಿಯಿಂದ ಕುಂಬಳೆಯವರೆಗೆ ಬಿಸಿ ತೋರಿಸುವ ಮೀಟರಿನ ಮುಳ್ಳು ಅಲುಗದೆ ಓಡಿಬಂದ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ, ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಬಳಿ ವಾಹನಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಕುದಿಯುತ್ತದೆಯೇ? ಹಾಗಾದರೆ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ವೇಗದಲ್ಲೂ ಬಿಸಿಯೇರುತ್ತಿದ್ದರೆ ಒಳಗಿನ ಕೊಳವೆ ಕಟ್ಟಿದೆಯೋ, ವಾಟರ್ ಪಂಪ್ ಸೋತಿದೆಯೋ ನೋಡಬೇಕು. ಇಷ್ಟು ತಿಳಿಯುವ ಮೊದಲು ವಿದೇಶದಿಂದ ಬಿಡಿಭಾಗ ತರಿಸಿ ಸುಂಕ ಕಟ್ಟಬೇಡಿ.

ಮೊದಲು ರೇಡಿಯೇಟರಿನ ರೆಕ್ಕೆ, ಅಂದರೆ ಅದರ ತೆಳು ಲೋಹದ ಪಟ್ಟಿಗಳನ್ನು, ತೊಳೆಯಿರಿ. ಹೆದ್ದಾರಿ ಕಾಮಗಾರಿಯ ಕೆಂಪು ಧೂಳು, ಹುಳುಹುಪ್ಪಟೆ ಸೇರಿ ಅಲ್ಲಿ ಗಾರೆಯಂತೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಸರ್ವಿಸ್ ಸ್ಟೇಶನ್ನಿನ ಪ್ರೆಶರಿಗೆ ರೆಕ್ಕೆ ಮಡಚಿಹೋಗುತ್ತದೆ. ಫ್ಯಾನ್ ಬೆಲ್ಟಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಅರ್ಧ ಇಂಚು ತಗ್ಗಿದರೆ ಸರಿ.

"ಈ ಸೆಕೆಗೆ ಥರ್ಮೋಸ್ಟಾಟ್ ಎಂತಕ್ಕೆ, ತೆಗೆದು ಬಿಸಾಡಿ" ಎನ್ನುವವರು ಪ್ರತಿ ಗ್ಯಾರೇಜಿನಲ್ಲೂ ಇದ್ದಾರೆ. ಕೇಳಬೇಡಿ. ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ ಅದು. ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ. 82 ಡಿಗ್ರಿಯದ್ದಾದರೆ ಅಲ್ಲಿಗೆ ಬಾಯಿ ಬಿಡಲು ತೊಡಗಬೇಕು. ಬಿಡದಿದ್ದರೆ ಹೊಸದು ಹಾಕಿ. ಹಿಮ ಕಾಣದ ನಮ್ಮೂರಿಗೆ ಮೂರರಲ್ಲಿ ಒಂದು ಪಾಲು ಕೂಲೆಂಟ್ (ನೀರು ಹೆಪ್ಪುಗಟ್ಟದಂತೆ, ತುಕ್ಕು ಹಿಡಿಯದಂತೆ ಬೆರೆಸುವ ದ್ರವ) ಸಾಕು, ಶಾಖ ಒಯ್ಯಲು ನೀರೇ ಮೇಲು. ಆದರೆ ಬ್ಯಾಟರಿಗೆ ಹಾಕುವ ಶುದ್ಧ ನೀರು. ಕಡಲ ಬದಿಯ ಬಾವಿಯದ್ದು ಬೇಡ.

ಬೆಲ್ಟಿನ ಫ್ಯಾನ್ ಐಡಲಿನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ನಿಧಾನ ತಿರುಗುವುದೇ ಮೂಲ ತೊಂದರೆ. ಹಾಗಾಗಿ ಹಲವರು ಎಲೆಕ್ಟ್ರಿಕ್ ಫ್ಯಾನ್ ಕೂರಿಸುತ್ತಾರೆ. ಒಳ್ಳೆಯದೇ, ಆದರೆ 1967ರವರೆಗಿನ ಎಂಜಿಬಿಗಳಲ್ಲಿ ಎರಡು ತೊಡಕಿವೆ. ಅವುಗಳಲ್ಲಿ ಕರೆಂಟ್ ತಯಾರಿಸುವ ಲೂಕಾಸ್ ಕಂಪನಿಯ ಡೈನಮೋ ಓಟದಲ್ಲಿ 22 ಆಂಪಿಯರ್ ಕೊಟ್ಟರೂ ಐಡಲಿನಲ್ಲಿ ಬಹುತೇಕ ಏನೂ ಕೊಡದು. ನಿಂತಲ್ಲೇ ಫ್ಯಾನ್ ಬ್ಯಾಟರಿಯನ್ನು ಖಾಲಿ ಮಾಡುತ್ತದೆ. ಮತ್ತೆ, ಅವುಗಳ ಲೋಹದ ಮೈಗೆ ಕೂಡಿರುವುದು ಬ್ಯಾಟರಿಯ ಪ್ಲಸ್ ತುದಿ. ಅದನ್ನು ನೋಡದೆ ವಯರ್ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗಿ, ಬರುವ ಗಾಳಿಯನ್ನೇ ಹೊರದೂಡುತ್ತದೆ. ಫ್ಯಾನ್ ಓಡಿಸಿ ಮುಂಗಡೆ ಕಾಗದ ಹಿಡಿದರೆ ಅದು ರೇಡಿಯೇಟರಿಗೆ ಅಂಟಿಕೊಳ್ಳಬೇಕು. ಡೈನಮೋ ಬದಲು ಐಡಲಿನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿ, ಮೈನಸ್ ತುದಿಯನ್ನು ಕಾರಿನ ಮೈಗೆ ಕೂಡಿಸಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಫ್ಯಾನಿನ ಹೆಚ್ಚಿನ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇಯನ್ನು ತಪ್ಪಿಸಬೇಡಿ.

ಸಾಲಿನಲ್ಲಿ ನಿಂತಾಗ ಮುಳ್ಳು ಏರಿತೇ? ಹೀಟರ್ ಇದ್ದರೆ ಪೂರ್ತಿ ತೆರೆಯಿರಿ. ಏಪ್ರಿಲಿನಲ್ಲಿ ಇದು ಶಿಕ್ಷೆಯೇ, ಆದರೆ ಅದೂ ಒಂದು ಸಣ್ಣ ರೇಡಿಯೇಟರು. ನ್ಯೂಟ್ರಲಿನಲ್ಲಿಟ್ಟು 1500 ಆರ್‌ಪಿಎಂಗೆ ಏರಿಸಿದರೆ ಪಂಪು, ಫ್ಯಾನು ಎರಡೂ ಚುರುಕಾಗುತ್ತವೆ. ಆಗಲೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ. ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಏರುವುದುಂಟು, ಗಾಬರಿ ಬೇಡ. ಮೇಲಿನ ಹೋಸ್ ತಣ್ಣಗಾಗಿ ಕೈಗೆ ಮೆತ್ತಗೆ ಸಿಗುವವರೆಗೆ ರೇಡಿಯೇಟರಿನ ಕ್ಯಾಪ್ ಮುಟ್ಟಬಾರದು.