ಸ್ಟಿಯರಿಂಗ್ ನಡುಗಿತು, ನಾನು ಅಲೈನ್‌ಮೆಂಟ್ ಮಾಡಿಸಿದೆ

ಕಳೆದ ಮಳೆಗಾಲ ಮುಗಿದ ಮೇಲೆ ಉಡುಪಿಯಿಂದ ಮಂಗಳೂರಿಗೆ ಹೊರಟಿದ್ದೆ. ಮುಲ್ಕಿ ದಾಟಿ ವೇಗ 80ಕ್ಕೆ ಏರಿದ್ದೇ ತಡ, ಸ್ಟಿಯರಿಂಗ್ ಗಡಗಡ ನಡುಗತೊಡಗಿತು. 60ಕ್ಕೆ ಇಳಿಸಿದರೆ ಏನೂ ಇಲ್ಲ. ಹೊಂಡಕ್ಕೆ ಬಿದ್ದು ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲಬೇಕಾದ ಕೋನ, ಹೋಗಿದೆ ಅಂತ ನಾನೇ ತೀರ್ಮಾನಿಸಿ, ಮಾಡಿಸಿಕೊಂಡೂ ಬಂದೆ. ನಡುಕ ಹಾಗೇ ಇತ್ತು.

ಆಮೇಲೆ ಮನೆ ಹತ್ತಿರದ ಟಯರ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಕೇಳಿದ್ದು ಒಂದೇ ಮಾತು: "ಗಾಡಿ ಒಂದು ಬದಿಗೆ ಎಳೀತದಾ, ಬರೀ ನಡುಗ್ತದಾ?"

ಬರೀ ನಡುಗುತ್ತದೆ ಅಂದೆ.

"ಹಾಗಾದ್ರೆ ಬ್ಯಾಲೆನ್ಸಿಂಗ್ ಮಾರಾಯ್ರೆ."

ಮುಂದಿನ ಬಲಗಡೆಯ ಚಕ್ರ ಬಿಚ್ಚಿ ಮೆಷಿನ್‌ಗೆ ಏರಿಸಿ ತಿರುಗಿಸಿದ. ಚಕ್ರದ ತೂಕ ಸುತ್ತಲೂ ಸಮ ಇಲ್ಲ, 60 ಗ್ರಾಂ ವ್ಯತ್ಯಾಸ ಅಂತ ತೋರಿಸಿತು. ಅದನ್ನು ಸರಿದೂಗಿಸಲು ತೂಕದ ತುಂಡು ಅಂಟಿಸುವ ಮುಂಚೆ ರಿಮ್ಮಿನ ಒಳಗೆ ಕೈಯಾಡಿಸಿ ನಕ್ಕ. ನಮ್ಮ ಮನೆ ದಾರಿಯ ಕೆಂಪು ಮಣ್ಣು ಒಣಗಿ, ಹಂಚಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ಮತ್ತೆ ತಿರುಗಿಸಿದರೆ ಬರೀ 15 ಗ್ರಾಂ! ಅಷ್ಟು ತೂಕ ಅಂಟಿಸಿದ, ನಡುಕ ಹೋಯಿತು.

ಅಲೈನ್‌ಮೆಂಟ್ ಹೋದರೆ ಲಕ್ಷಣವೇ ಬೇರೆ. ನೇರ ಹೋಗುವಾಗಲೂ ಸ್ಟಿಯರಿಂಗ್ ಸೊಟ್ಟಗಿರುತ್ತದೆ, ಇಲ್ಲವೇ ಗಾಡಿ ಒಂದು ಕಡೆ ಎಳೆಯುತ್ತದೆ. ಹಾಗಂತ ಎಳೆದ ಕೂಡಲೇ ಅಂಗಡಿಗೆ ಓಡಬೇಡಿ, ಮೊದಲು ಗಾಳಿ ನೋಡಿ. ಒಮ್ಮೆ ನನ್ನ ಗಾಡಿ ಎಡಕ್ಕೆ ಎಳೆದದ್ದು ಆ ಬದಿಯ ಟಯರಿಗೆ ಮೊಳೆ ಹೊಕ್ಕು ಗಾಳಿ ಇಳಿದದ್ದಕ್ಕೆ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನೂ ಅಂಚಿನ ಕಡೆ ಸ್ವಲ್ಪ ಇಳಿಜಾರು ಮಾಡಿರುತ್ತಾರೆ, ಅಲ್ವಾ? ಅಷ್ಟು ಎಳೆತಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ನಾನು ಜಾಸ್ತಿ ನಂಬುವುದು ಟಯರನ್ನೇ. ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟಯರಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಅಂಗೈ ಸವರುತ್ತೇನೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ತಾಗಿದರೆ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ ಅಂತ ಲೆಕ್ಕ. ಒಳ ಅಂಚು ಮಾತ್ರ ಸವೆದಿದ್ದರೂ ತಡಮಾಡುವುದಿಲ್ಲ. ಆದರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಶ್ ಸಡಿಲ ಇದ್ದರೆ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ. ಮೊದಲು ಅದನ್ನು ಬದಲಾಯಿಸಬೇಕು.

5,000 ಕಿ.ಮೀ.ಗೊಮ್ಮೆ ಎರಡೂ ಮಾಡಿಸಿ ಅನ್ನುವವರಿದ್ದಾರೆ. ನಾನು ಸುಮ್ನೆ ದುಡ್ಡು ಕೊಡುವುದಿಲ್ಲ. 10,000ಕ್ಕೊಮ್ಮೆ, ಇಲ್ಲವೇ ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ, ಯಾವುದು ಮೊದಲೋ ಅದು. ಹೊಸ ಟಯರ್ ಹಾಕಿಸಿದರೆ, ಅಥವಾ ರಿಮ್ಮಿನಿಂದ ಟಯರ್ ಬಿಚ್ಚಿ ಪ್ಯಾಚ್ ಹಾಕಿಸಿದರೆ ಮಾತ್ರ ಬ್ಯಾಲೆನ್ಸಿಂಗ್ ಬಿಡುವುದಿಲ್ಲ.

ಈಗ ಗಾಡಿ ತೊಳೆಯುವಾಗ ಪೈಪನ್ನು ಚಕ್ರದ ಒಳಬದಿಗೂ ಹಿಡಿಯುತ್ತೇನೆ. ಎಷ್ಟು ಕೆಂಪು ನೀರು ಇಳಿಯುತ್ತದೆ ಅಂತೀರಿ!