ಎಪಾಕ್ಸಿಗೆ ನ್ಯಾನೋ ಸಿಲಿಕಾ ಹಾಕಿ ಎಳೆದು ನೋಡಿದ್ದು

ಸಿಲಿಕಾ ಪುಡಿ ಸೇರಿಸಿದ್ರೆ ಎಪಾಕ್ಸಿ ಎಷ್ಟು ಗಟ್ಟಿಯಾಗುತ್ತೆ ಅಂತ ನೋಡೋಕೆ ನಾನು ತಗೊಂಡಿದ್ದು ಎಲ್‌ವೈ 556 ಎಪಾಕ್ಸಿ (ಅಂಟಿನಂಥ ರೆಸಿನ್), ಅದನ್ನ ಗಟ್ಟಿ ಮಾಡೋ ಎಚ್‌ವೈ 951 ಹಾರ್ಡನರ್, ಜೊತೆಗೆ 12 ನ್ಯಾನೋಮೀಟರ್ ಕಣಗಳ ಫ್ಯೂಮ್ಡ್ ಸಿಲಿಕಾ ಅನ್ನೋ ಹಗುರ ಪುಡಿ. ಒಂದು ಗ್ರಾಂ ಪುಡಿಗೆ ಹತ್ತತ್ರ 200 ಚದರ ಮೀಟರ್ ಮೇಲ್ಮೈ ಇರುತ್ತೆ, ಉಸಿರು ತಾಗಿದ್ರೂ ಹಾರುತ್ತೆ, ಮಾಸ್ಕ್ ಇಲ್ದೆ ಡಬ್ಬಿ ತೆಗೀಬೇಡಿ.

ಎಲ್ರೂ ಕೇಳೋದು ಎಷ್ಟು ಪರ್ಸೆಂಟ್ ಹಾಕ್ಬೇಕು ಅಂತ. ಅದಕ್ಕಿಂತ ಮೊದ್ಲು ಪುಡಿ ಬಿಡಿಬಿಡಿಯಾಗಿ ಹರಡಿದ್ಯಾ ನೋಡಿ. ರಾಗಿ ಹಿಟ್ಟು ಕುದಿಯೋ ನೀರಿಗೆ ಸುರಿದ್ರೆ ಗಂಟು ಕಟ್ಟಿ ಒಳಗೆ ಒಣಹಿಟ್ಟೇ ಉಳಿಯುತ್ತಲ್ಲ, ಇಲ್ಲೂ ಹಂಗೇ, ಗಂಟೊಳಗೆ ರೆಸಿನ್ ಹೋಗಿರಲ್ಲ, ಎಳೆದಾಗ ಬಿರುಕು ಅಲ್ಲಿಂದ್ಲೇ ಶುರು.

ಪುಡೀನ ಓವನ್‌ನಲ್ಲಿ ಒಣಗಿಸಿ, ರೆಸಿನ್ ಸ್ವಲ್ಪ ಬಿಸಿ ಮಾಡಿ ತೆಳುವಾದ್ಮೇಲೆ ಹಾಕಿ ಕಲಸಿ, ಪ್ರೋಬ್ ಸೋನಿಕೇಟರ್ (ಅಲ್ಟ್ರಾಸೌಂಡ್ ಕಂಪನದಿಂದ ಗಂಟು ಒಡೆಯೋ ಕಡ್ಡಿ) ಬಿಟ್ಟು ಬಿಟ್ಟು, ಅಂದ್ರೆ ಪಲ್ಸ್ ಮೋಡ್‌ನಲ್ಲಿ ಓಡಿಸ್ತಿದ್ದೆ, ಸುತ್ತ ಐಸ್ ಇಟ್ಟು, ಇಲ್ಲಾಂದ್ರೆ ರೆಸಿನ್ ಕಾದು ಹಳದಿಯಾಗುತ್ತೆ. ಆಮೇಲೆ ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು, ಪೂರ್ತಿ ತಣ್ಣಗಾದ್ಮೇಲೇ ಹಾರ್ಡನರ್, ಬಿಸಿ ಇರೋವಾಗ ಹಾಕಿದ್ರೆ ಕಪ್‌ನಲ್ಲೇ ಕಲ್ಲಾಗುತ್ತೆ. ಮುಖ್ಯವಾದ್ದು ಅಂದ್ರೆ ಪುಡಿ ಇಲ್ಲದ ಸಾದಾ ಎಪಾಕ್ಸಿಗೂ ಇದೇ ಸೋನಿಕೇಶನ್, ಇದೇ ವ್ಯಾಕ್ಯೂಮ್ ಕೊಡಿ. ಇಲ್ಲಾಂದ್ರೆ ಗುಳ್ಳೆ ಹೋಗಿದ್ದರ ಲಾಭಾನೂ ಸಿಲಿಕಾ ಖಾತೆಗೆ ಜಮಾ ಆಗುತ್ತೆ.

ಟೆನ್ಸೈಲ್ ಟೆಸ್ಟ್ (ಎಳೆದು ಮುರಿಯೋ ಪರೀಕ್ಷೆ) ಎಎಸ್‌ಟಿಎಂ ಡಿ638 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ, ಪ್ರತಿ ಬ್ಯಾಚಿಗೂ ಕನಿಷ್ಠ 5 ಸ್ಯಾಂಪಲ್. ತೂಕದಲ್ಲಿ 2% ಸಿಲಿಕಾ ಅಂದ್ರೆ ವಾಲ್ಯೂಮ್‌ನಲ್ಲಿ ಬರೀ 1% ಆಸುಪಾಸು, ದುಂಡು ಕಣಕ್ಕೆ ಐನ್‌ಸ್ಟೈನ್ ಸೂತ್ರದ ಲೆಕ್ಕ (ವಾಲ್ಯೂಮ್ ಪಾಲಿನ 2.5 ಪಟ್ಟು) ಹಾಕಿದ್ರೆ ಮಾಡ್ಯುಲಸ್, ಅಂದ್ರೆ ಎಳೆದಾಗ ಹಿಗ್ಗದೆ ತಡೆಯೋ ಬಿಗಿತನ, ಏರೋದು 2.5% ಅಷ್ಟೇ, ಸ್ಯಾಂಪಲ್ ಸ್ಯಾಂಪಲ್‌ಗೂ ಬರೋ ವ್ಯತ್ಯಾಸಾನೇ ಅದಕ್ಕಿಂತ ಜಾಸ್ತಿ ಇರುತ್ತೆ. ಅದಕ್ಕೇ 2% ಗೆ 40% ಏರಿತು ಅಂತ ಯಾರಾದ್ರೂ ಗ್ರಾಫ್ ತೋರಿಸಿದ್ರೆ ನಾನು ಮೊದ್ಲು ಅವರ ಸಾದಾ ಎಪಾಕ್ಸಿ ಹೆಂಗೆ ಎರಕ ಹೊಯ್ದಿದ್ರು ಅಂತ ಕೇಳ್ತೀನಿ. ಸ್ಟ್ರೆಂತ್, ಅಂದ್ರೆ ಮುರಿಯೋ ಮುಂಚೆ ತಡೆಯೋ ಬಲದ ಕಥೆ ಬೇರೆ, ಸ್ವಲ್ಪ ಏರಿ ಆಮೇಲೆ ಪುಡಿ ಹೆಚ್ಚಿಸಿದಂಗೆ ಇಳೀತು. ಮುರಿದ ಮುಖ ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿದ್ರೆ ಸಾದಾದ್ದು ಗಾಜಿನಂಗೆ ನುಣುಪು, ಸಿಲಿಕಾ ಇರೋದು ಒರಟು, ಬೇಗ ಮುರಿದಿದ್ದರಲ್ಲಿ ಬಿರುಕಿನ ಮೂಲದಲ್ಲೇ ಗಂಟು ಕೂತಿತ್ತು.

ನಿಜಕ್ಕೂ ಮಾಡ್ಯುಲಸ್ ಏರಬೇಕಾದ್ರೆ ಹಾಳೆ ಆಕಾರದ ಕಣಗಳಿರೋ ಜೇಡಿಮಣ್ಣು ವಾಸಿ. ಟೊಯೋಟಾದವ್ರು ನೈಲಾನ್-6 ಗೆ 4.2% ಜೇಡಿ ಸೇರಿಸಿ ಮಾಡ್ಯುಲಸ್‌ನ 1.1 ರಿಂದ 2.1 ಗಿಗಾಪ್ಯಾಸ್ಕಲ್‌ಗೆ ಏರಿಸಿದ್ರು, ಅಲ್ಲಿ ಹಾಳೆಗಳು ಒಂದೊಂದಾಗಿ ಬಿಡಿಸ್ಕೊಂಡಿದ್ವು, ಅದೇ ವ್ಯತ್ಯಾಸ.

ಗ್ಲಾಸ್ ಫೈಬರ್ ಜೊತೆ ಬಳಸೋರಿಗೆ ಇನ್ನೊಂದು ಮಾತು. ಹ್ಯಾಂಡ್ ಲೇಅಪ್‌ನಲ್ಲಿ (ಕೈಯಿಂದ ರೆಸಿನ್ ಹಚ್ಚೋದು) ತೊಂದ್ರೆ ಕಮ್ಮಿ, ಆದ್ರೆ ವ್ಯಾಕ್ಯೂಮ್ ಇನ್‌ಫ್ಯೂಶನ್‌ನಲ್ಲಿ (ವ್ಯಾಕ್ಯೂಮ್‌ನಿಂದ ರೆಸಿನ್‌ನ ಫೈಬರ್ ಬಟ್ಟೆಯೊಳಗೆ ಎಳೆಯೋದು) ರೆಸಿನ್ ಮಂದ ಆಗಿ ಮುಂದಕ್ಕೆ ಹೋಗಲ್ಲ, ಗಂಟುಗಳನ್ನ ಫೈಬರ್ ಬಟ್ಟೆ ಸೋಸಿಬಿಡುತ್ತೆ, ರೆಸಿನ್ ಒಳಬರೋ ಕಡೆ ಸಿಲಿಕಾ ಜಾಸ್ತಿ, ಇನ್ನೊಂದು ತುದೀಲಿ ಕಮ್ಮಿ. ಸ್ಯಾಂಪಲ್ ಕತ್ತರಿಸೋವಾಗ ಎರಡೂ ತುದಿಯಿಂದ ತಗೊಳ್ಳಿ.